ಸಂಪಿನೊಳಗಿನ ಪಾಲುಗೋಡೆ

ಕೊಟ್ಟೂರಿನ ನಮ್ಮ ಮನೆ ಪಾಲಾದಾಗ ಅಂಗಳದ ನೆಲದೊಳಗಿನ ನೀರಿನ ಸಂಪೂ ಪಾಲಾಯಿತು. ಗಂಡನ ಅಣ್ಣ, ನಮ್ಮ ಭಾವ, ಅದರ ನಡುವೆ ಒಂದೇ ಸಾಲು ಇಟ್ಟಿಗೆಯ ತೆಳ್ಳನೆ ಗೋಡೆ ಎಬ್ಬಿಸಿದರು. ದಪ್ಪ ಕಟ್ಟಿಸಿದರೆ ಅವರ ಪಾಲಿನ ನೀರಿನ ಜಾಗ ಹೋಗುತ್ತದಂತೆ.

"ಎರಡೂ ಕಡಿ ನೀರಿರತೈತಿ. ಆ ಕಡಿಯಿಂದ ಅದು ನೂಕತೈತಿ, ಈ ಕಡಿಯಿಂದ ಇದು ನೂಕತೈತಿ. ಬೀಳೂದು ಎಲ್ಲಿಗೆ?" ಅಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಅವರ ಮಾತು ತಪ್ಪಲ್ಲ, ಆದರೆ ಎರಡೂ ಕಡೆ ನೀರು ಸಮ ಇರುವ ತನಕ ಮಾತ್ರ. ಒಂದು ಕಡೆ ಬರಿದಾದರೆ ಇನ್ನೊಂದು ಕಡೆಯ ಅಷ್ಟೂ ಒತ್ತಡ ಗೋಡೆಯ ಮೇಲೆಯೇ, ಅದರಲ್ಲೂ ಬುಡದಲ್ಲಿ ಹೆಚ್ಚು. ತೊಳೆಯುವ ದಿನ ಎರಡನ್ನೂ ಒಟ್ಟಿಗೇ ಖಾಲಿ ಮಾಡೋಣ ಎಂದು ಎಷ್ಟು ಬೇಡಿಕೊಂಡೆ.

"ನಳದ ನೀರು ಬರೂದ ವಾರಕ್ಕೊಮ್ಮಿ. ನೀ ತೊಳಿತಿ ಅಂತ ನಾನ್ಯಾಕ ನನ್ನ ನೀರು ಚೆಲ್ಲಲಿ ಯವ್ವಾ? ಶಾಲಿ ಪಾಠ ಶಾಲ್ಯಾಗ ಇರ್ಲಿ."

ನನ್ನ ಗಂಡ ಅಣ್ಣನ ಮುಂದೆ ತುಟಿ ಪಿಟಕ್ಕೆನ್ನುವವರಲ್ಲ.

ನಮ್ಮ ಪಾಲಿನ ನೀರಲ್ಲಿ ಹುಳ ಕಂಡ ಮೇಲೆ ತೊಳೆಯದೆ ಗತಿಯಿರಲಿಲ್ಲ. ನೀರೆಲ್ಲ ಮೊಗೆದು ಹಾಕಿ ಏಣಿ ಇಳಿದೆ. ಅವರ ಕಡೆ ಬಾಯಿಮಟ್ಟ ತುಂಬಿತ್ತು. ಪಾಚಿ ತಿಕ್ಕುತ್ತಿದ್ದಾಗ ಗೋಡೆಯ ಬುಡದಿಂದ ನೀರು ಒಸರತೊಡಗಿತು. ಏಣಿಗೆ ಕೈ ಹಾಕುವಷ್ಟರಲ್ಲಿ ಗೋಡೆ ನನ್ನ ಕಡೆಗೇ ಬಿತ್ತು. ಪಾದದ ಮೇಲೆ ಇಟ್ಟಿಗೆ, ಸೊಂಟದ ತನಕ ಅವರ ನೀರು. ಗಂಡ ಓಡಿಬಂದು ರಟ್ಟೆ ಹಿಡಿದು ಮೇಲಕ್ಕೆಳೆದರು. ಭಾವ ಬಗ್ಗಿ ನೋಡಿ ಏನಂದರು ಗೊತ್ತೇ?

"ನನ್ನ ನೀರೆಲ್ಲಾ ರಾಡಿ ಮಾಡಿಬಿಟ್ಟೆಲ್ಲವಾ."

ಮೈಯೆಲ್ಲ ಉರಿದುಹೋಯಿತು. ಮುರಿದದ್ದು ನನ್ನ ಪಾದ, ಗೋಳು ಅವರ ನೀರಿನದು. ಸಾಲದ್ದಕ್ಕೆ, ನಾನು ಜೋರಾಗಿ ತಿಕ್ಕಿದ್ದಕ್ಕೇ ಗೋಡೆ ಬಿತ್ತೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಬ್ರಷ್ಷಿಗೆ ಬೀಳುವಂಥ ಗೋಡೆ ಕಟ್ಟಿಸಿದ್ದು ಯಾರು ಎಂದು ಒಬ್ಬರಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ.

ಪಾದಕ್ಕೆ ಪಟ್ಟಿ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಗೋಡೆ ಕಟ್ಟುವ ಗೌಂಡಿ ಬಂದ. ಅದೇ ಜಾಗ, ಅದೇ ತೆಳು ಗೋಡೆ ಎಂದು ಭಾವ ತೋರಿಸತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ, ನಾನು ಅಕ್ಕ ಎನ್ನುವವಳು, ಒಳಗಿನಿಂದ ಬಂದಳು. ಅವರ ಕಡೆಯ ಸಂಪು ತೊಳೆಯುವವಳು ಅವಳೇ.

"ಹೋದ ತಿಂಗಳು ನಾನು ಒಳಗಿದ್ದೆ. ಈಕಿ ಕಡಿ ನೀರು ಅರ್ಧಕ್ಕಿಂತ ಮ್ಯಾಲಿತ್ತು. ಅವತ್ತು ಬಿದ್ದಿದ್ರ?" ಎಂದು ಗಂಡನನ್ನು ಕೇಳಿದಳು.

"ಅವತ್ತು ಬೀಳ್ಲಿಲ್ಲಲ್ಲ," ಎಂದರು ಭಾವ.

ಅಕ್ಕ ಗೌಂಡಿಯ ಕಡೆ ತಿರುಗಿ, "ನೀ ಮನಿಗಿ ಹೋಗಪಾ" ಎಂದಳು.