ಮುನಿಯಲ್ಲಪ್ಪನವರ ಓಡುವ ದಾರಿ

ಮರ ಕಡಿಸುವ ಮೊದಲು ಮುನಿಯಲ್ಲಪ್ಪನವರು ಮರಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅಪಾಯ ಬಂದರೆ ಯಾವ ಕಡೆ ಓಡಬೇಕೆಂದು ನೋಡಿ, ಅಲ್ಲಿನ ಪೊದೆ ಸವರಿಸಿ, ಆಮೇಲೆಯೇ ಮರದ ಕಡೆ ತಿರುಗುವುದು. "ಓಡೋ ದಾರಿ ಮೊದ್ಲು, ಮರ ಆಮ್ಯಾಕೆ."

ಆನೇಕಲ್ಲಿಗೂ ಜಿಗಣಿಗೂ ನಡುವೆ ಒಂದು ಕಂಪನಿಯ ದೊಡ್ಡ ನೀಲಗಿರಿ ತೋಪಿತ್ತು. ಅವರು ಅಲ್ಲಿ ಕಟಾವಿನ ಮೇಸ್ತ್ರಿ. ಕಡಿಯಬೇಕಾದ ಮರಗಳಿಗೆ ಬಣ್ಣದ ಗುರುತು ಹಾಕುವವನು ನಾನು. ನನ್ನನ್ನು 'ಪೇಂಟ್ರೇ' ಎಂದು ಕಿಚಾಯಿಸುತ್ತಿದ್ದರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಅವರ ಮೀಸೆ ಬೆಳ್ಳಗಿತ್ತು ಎಂದು ಬರೆಯಹೊರಟೆ. ಮೀಸೆ ಇತ್ತೇ ಎಂಬುದೇ ಈಗ ಖಚಿತವಿಲ್ಲ. ಮಾತುಗಳು ಮಾತ್ರ ಉಳಿದಿವೆ. ಹಳ್ಳದ ದಂಡೆಯ ಹೊಂಗೆಮರಗಳನ್ನೂ ಕಡಿಸಿ ಎಂದು ಮ್ಯಾನೇಜರು ಒಮ್ಮೆ ಹೇಳಿದಾಗ, "ಅವು ಓದ್ರೆ ಮಣ್ಣೆಲ್ಲ ಹಳ್ಳಕ್ಕೆ ಓಯ್ತದೆ ಸಾ. ಆಮ್ಯಾಕೆ ನಿಮ್ಮ ನೀಲಗಿರೀನ ಗಾಳೀಲಿ ನೆಡ್ತೀರಾ?" ಎಂದಿದ್ದರು.

ಇನ್ನೊಂದು ಕಟ್ಟಳೆ ಇತ್ತು. ಮರ ಉರುಳಿಸುವ, ಗರಗಸದ ಮಿಷನ್ನಿನ ಕೊನೆಯ ಕೊಯ್ತಕ್ಕೆ ಮೊದಲು ಅವರು ಒಬ್ಬೊಬ್ಬರ ಹೆಸರು ಕೂಗುವರು. ದೂರ ಸರಿದು ನಿಂತ ಪ್ರತಿಯೊಬ್ಬನೂ "ಓ" ಅನ್ನಬೇಕು.

ಒಂದು ಮಧ್ಯಾಹ್ನ "ಶರಣಪ್ಪಾ" ಎಂದು ಕೂಗಿದರು. ಯಾದಗಿರಿಯ ಶರಣಪ್ಪ ನನ್ನ ಬಾಡಿಗೆ ಕೋಣೆಯ ಜೊತೆಗಾರ. ಬೆಳಗಿನ ಹಾಜರಿಗೆ ಅವನು ತಡವಾದರೆ ಮ್ಯಾನೇಜರಿಗೆ ನಾನೇ ಓಗೊಡುವುದು ರೂಢಿಯಾಗಿತ್ತು. ಇಲ್ಲೇ ಎಲ್ಲೋ ಇರುತ್ತಾನೆ ಎಂದುಕೊಂಡು ಅಂದುಬಿಟ್ಟೆ: "ಓ."

ಮುನಿಯಲ್ಲಪ್ಪನವರ ಕೈ ಮೇಲೆದ್ದಿತು. ಮಿಷನ್ ನಿಂತಿತು.

"ಯಾರ್ಲಾ ಅದು? ಶರಣಪ್ಪನ ಗಂಟ್ಲು ನಂಗೊತ್ತಿಲ್ವಾ?"

ಲಾರಿ ಕಾಯುತ್ತಿದೆ ಎಂದು ಮ್ಯಾನೇಜರು ಗೊಣಗಿದರು.

"ಕಾಯ್ಲಿ ಸಾ. ಲಾರಿಗೇನು ಎಂಡ್ರು ಮಕ್ಳವ್ರಾ?"

ಅರ್ಧ ಕೊಯ್ದ ಮರವನ್ನು ದೂರದಿಂದ ಬಳಸಿಕೊಂಡು ಹೋಗಿ ಅವರೇ ಹುಡುಕಿದರು. ಮರ ಬೀಳಬೇಕಿದ್ದ ಕಡೆಯಲ್ಲೇ, ಪೊದೆಯ ಹಿಂದೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಶರಣಪ್ಪ ಊರಿಗೆ ಫೋನ್ ಮಾಡುತ್ತಿದ್ದ. ಅಂಗಿ ಹಿಡಿದು ಎಳೆದು ತಂದಾಗ, "ಯಾಕ್ರೀ ಮೇಸ್ತ್ರಿ, ಏನಾತ್ರೀ?" ಎಂದ.

ಈ ಕಥೆ ಹೇಳುವಾಗಲೆಲ್ಲ ಓ ಎಂದವನು ಬೇರೊಬ್ಬ ಎಂದೇ ಹೇಳಿಕೊಂಡು ಬಂದೆ. ಹೇಳಿ ಹೇಳಿ ಆ ಬೇರೊಬ್ಬನಿಗೆ ಒಂದು ಮುಖವೂ ಬಂದುಬಿಟ್ಟಿತ್ತು.

ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದ ಮೇಲೆ ಒಂದು ಭಾನುವಾರ ತೋಪಿಗೆ ಹೋದೆ. ಕಡಿದ ಬುಡಗಳಿಂದ ಆಳೆತ್ತರದ ಚಿಗುರು ಗುಂಪುಗುಂಪಾಗಿ ಎದ್ದಿತ್ತು. ಬುಡಕ್ಕೆ ಎರಡನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಮುನಿಯಲ್ಲಪ್ಪನವರು ಸವರುತ್ತಿದ್ದರು. ಅವತ್ತು ಓ ಎಂದವನು ನಾನೇ ಎಂದೆ.

"ಗೊತ್ತು ಕಣಪ್ಪ." ಮಚ್ಚು ನಿಂತಿತು. "ನಿನ್ ವಯಸ್ನಾಗೆ ನಾನೂ ಒಂದ್ಸಲ ಅಂಗೇ ಅಂದಿದ್ದೆ. ನಮ್ ಮೇಸ್ತ್ರಿಗೆ ಗಂಟ್ಲು ಗುರುತು ಸಿಗ್ನಿಲ್ಲ."

ಅವರು ಇನ್ನೊಂದು ಮಚ್ಚು ಎತ್ತಿ ನನ್ನ ಕೈಗಿಟ್ಟರು. ಮಧ್ಯಾಹ್ನದೊಳಗೆ ಎರಡು ಸಾಲು ಮುಗಿಸಿದೆವು. ಆಮೇಲೆ ಅವರನ್ನು ಮತ್ತೆ ಕಾಣಲಿಲ್ಲ. ಅವತ್ತು ನನ್ನ ಸಾಲಿನಲ್ಲಿ ಯಾವ ಚಿಗುರನ್ನು ಉಳಿಸಬೇಕೆಂದು ಅವರು ಒಮ್ಮೆಯೂ ಹೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಆರಿಸುವುದನ್ನು ನನಗೇ ಬಿಟ್ಟಿದ್ದರು.