ತಾತ ಕೊರೆದ ಸೋರೆಬುರುಡೆ

ಹೋದ ತಿಂಗಳು ಗೌರಿಬಿದನೂರಿನ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಅಟ್ಟ ಖಾಲಿ ಮಾಡುವಾಗ, ಹಳೇ ಸೀರೆಯಲ್ಲಿ ಸುತ್ತಿಟ್ಟ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒಣಗಿದ ಸೋರೆಬುರುಡೆ. ಬಿಂದಿಗೆಯಷ್ಟು ದೊಡ್ಡದು, ಬುಡ ಕತ್ತರಿಸಿದ್ದು, ಮುಂದೆ ಕಣ್ಣಿಗೆಂದು ಎರಡು ತೂತು. ಬಣ್ಣ ಹೊಡೆಯುವವನು ದೃಷ್ಟಿಬೊಂಬೆ ಅಂದುಕೊಂಡ. ನಾನು ಅದನ್ನು ತಲೆಗೆ ಹಾಕಿಕೊಂಡೆ. ಒಳಗೆ ಇನ್ನೂ ಬೂದಿಯ, ಬೇವಿನೆಣ್ಣೆಯ ವಾಸನೆ... ಏಣಿಯ ಮೇಲೇ ಕೂತುಬಿಟ್ಟೆ.

ನಗರಗೆರೆ ಹೋಬಳಿಯ ಒಂದು ಹಳ್ಳಿಗೆ ನಾನು ಟೀಚರಾಗಿ ಹೋದಾಗ ನನಗೆ ಇಪ್ಪತ್ತೇಳು. ಬಾಡಿಗೆಗೆ ಸಿಕ್ಕಿದ್ದು ಒಬ್ಬ ತಾತ, ಅವರ ಹೆಂಡತಿ ಅಜ್ಜಿ ಇದ್ದ ಮನೆಯ ಹಿಂಭಾಗ. ತಾತ ಪ್ರಾಯದಲ್ಲಿ ಊರ ಕೆರೆಯಲ್ಲಿ ಕಾಡುಬಾತು ಹಿಡಿಯುತ್ತಿದ್ದವರು. ಬಂದೂಕಿಲ್ಲ, ಬಲೆಯಿಲ್ಲ. ತಲೆಗೆ ಬುರುಡೆ ಹಾಕಿಕೊಂಡು, ಕತ್ತಿನವರೆಗೆ ನೀರಿಗಿಳಿದು, ಬಾತುಗಳ ನಡುವೆ ಮೆಲ್ಲಗೆ ನಡೆದು ನೀರೊಳಗಿಂದಲೇ ಕಾಲು ಹಿಡಿಯುವುದು. ಬಾತಿನ ಕಣ್ಣಿಗೆ ಅದು ತೇಲುವ ಬುರುಡೆ, ಅಷ್ಟೇ. ಬೇಟೆ ಆಡಬಾರದೆಂದು ಕಾನೂನು ಬಂದ ಮೇಲೆ ಹಿಡಿಯುವುದನ್ನು ಬಿಟ್ಟರು. ತಯಾರಿ ಮಾತ್ರ ಬಿಟ್ಟಿರಲಿಲ್ಲ.

ಬಾತುಗಳು ಬರುವುದು ಚಳಿಗಾಲಕ್ಕೆ. ತಾತನ ಕೆಲಸ ಶುರುವಾಗುತ್ತಿದ್ದುದು ಅವು ಹೊರಟುಹೋದ ಮೇಲೆ. ಶಿವರಾತ್ರಿ ಕಳೆಯುತ್ತಲೇ ಹಿತ್ತಲಿನಲ್ಲಿ ಗುಂಡುಸೋರೆಯ ಬೀಜ ಹಾಕಿ, ಕಾಯಿ ಬಿಟ್ಟರೆ ಕಾವಲು ಕೂರುತ್ತಿದ್ದರು. "ಬಳ್ಳಿ ತುಂಬ ಕಾಯಿ ಬಿಟ್ಟೈತೆ, ಹುಳಿಗೆ ಒಂದು ಕೇಳಿದ್ರೆ ನಿಮ್ಮ ತಾತಂಗೆ ಪ್ರಾಣ ಹೋಗುತ್ತೆ ನೋಡಮ್ಮ," ಎಂದು ಅಜ್ಜಿ ನನ್ನ ಮುಂದೆ ದೂರುತ್ತಿದ್ದರು. ಬಲಿತ ಕಾಯಿಗೆ ನೀರು ತುಂಬಿ, ತಿರುಳು ಕೊಳೆಯಲೆಂದು ಹದಿನೈದು ದಿನ ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ ಇಡುತ್ತಿದ್ದರು. ಭಾನುವಾರ ಬಂದುಹೋಗುತ್ತಿದ್ದ ನಮ್ಮ ಯಜಮಾನರು ಆ ಹದಿನೈದು ದಿನ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ.

ಹಿಡಿಯುವುದೇ ಇಲ್ಲವೆಂದ ಮೇಲೆ ಇದೆಲ್ಲ ಯಾಕೆ ತಾತ, ಎಂದು ಒಮ್ಮೆ ರೇಗಿದೆ. ಬುರುಡೆಯ ಒಳಗೋಡೆ ಕೆರೆಯುತ್ತಿದ್ದವರು ಕೈ ನಿಲ್ಲಿಸಿದರು.

"ಲೆಕ್ಕ ಇಲ್ದಷ್ಟು ಹಿಡ್ದಿದೀನಿ ಟೀಚರಮ್ಮ. ಒಂದನ್ನೂ ಬಿಟ್ಟೋನಲ್ಲ. ಸಾಯೋದ್ರೊಳಗೆ ಒಂದರ ಕಾಲು ಹಿಡ್ದು, ಹೋಗಮ್ಮ ಅಂತ ಬಿಟ್ಬಿಡ್ಬೇಕು."

ಆದರೆ ಕೆರೆ ಬತ್ತಿ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ತಾತನ ಮಂಡಿ ಹೋಗಿತ್ತು, ಎದೆಯಲ್ಲಿ ಕಫ. ತಣ್ಣೀರಿಗೆ ಇಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಬಾಯಿ ತಪ್ಪಿ ನನಗೆ ಈಜು ಬರುತ್ತದೆ ಎಂದುಬಿಟ್ಟೆ. ಕೆರೆ ತುಂಬಿದಾಗ ತಮ್ಮ ಬದಲು ನಾನೇ ಇಳಿಯಬೇಕೆಂದು ತಾತ ಹಟ ಹಿಡಿದರು. ಅಲ್ಲಿಗೆ ನನ್ನ ಬೇಸಿಗೆ ರಜೆ ಮುಗಿಯಿತು!

ಸಂಜೆಯಾದರೆ ಬುರುಡೆ ಹಾಕಿಕೊಂಡು ಅಂಗಳದಲ್ಲಿ ನಡೆಯಬೇಕು, ತಲೆ ಅಲ್ಲಾಡಬಾರದು. ಅಕ್ಕಿ ಆರಿಸುತ್ತ ಕೂತ ಅಜ್ಜಿ "ಅಲ್ಲಾಡ್ತು" ಎಂದರೆ ಮತ್ತೆ ಮೊದಲಿನಿಂದ. ಎರಡು ಸಲ ತುಳಸಿಕಟ್ಟೆಗೆ ಹೋಗಿ ಗುದ್ದಿದ್ದೇನೆ. ಮಕ್ಕಳೆದುರು ಬೆತ್ತ ಹಿಡಿದು ಗತ್ತಿನಿಂದ ನಿಲ್ಲುವ ಟೀಚರು ನಾನು... ಆದರೂ ನಿಜ ಹೇಳಬೇಕೆಂದರೆ, ಆ ರಜೆಯಷ್ಟು ಖುಷಿಯಾಗಿ ಇನ್ಯಾವ ರಜೆಯನ್ನೂ ಕಳೆದಿಲ್ಲ.

ಆ ವರ್ಷ ಹಿಂಗಾರು ಚೆನ್ನಾಗಿ ಬಿತ್ತು. ಕೆರೆಗೆ ನೀರು ಬಂದ ಕೂಡಲೇ ತಾತ ಹತ್ತು ಬುರುಡೆ ತೇಲಿಬಿಡಿಸಿದರು. "ಬರೋ ನೆಂಟ್ರಿಗೆ ಇವು ಮೊದ್ಲಿಂದ ಇಲ್ಲೇ ಇದ್ದಾವೆ ಅನ್ನಿಸ್ಬೇಕು," ಎಂದರು. ಬಾತುಗಳೂ ಬಂದವು. ಒಂದು ಬೆಳಗ್ಗೆ ಅವರನ್ನು ಕಂಬಳಿ ಹೊದಿಸಿ ಕೆರೆ ಏರಿಯ ಮೇಲೆ ಕೂರಿಸಿ ನಾನು ನೀರಿಗಿಳಿದೆ. ಹಲ್ಲು ಕಟಕಟ. ಆದರೂ ತಲೆ ಅಲ್ಲಾಡಲಿಲ್ಲ. ಮಾರು ದೂರದಲ್ಲಿ ಒಂದು ಬಾತು ನನ್ನ ಕಡೆ ತಿರುಗಿ, ಕತ್ತು ಓರೆ ಮಾಡಿ, ಸೀದಾ ಬುರುಡೆಯ ತೂತಿನೊಳಗೆ ನೋಡಿತು. ನಮ್ಮ ಹೆಡ್‌ಮಾಸ್ಟರು ಹಾಜರಿ ಪುಸ್ತಕ ನೋಡುವ ಹಾಗೆಯೇ! ನನಗೆ ನಗು ತಡೆಯಲಾಗಲಿಲ್ಲ. ಕೆರೆಗೆ ಕೆರೆಯೇ ಎದ್ದು ಹಾರಿತು.

ದಡಕ್ಕೆ ಬಂದಾಗ ತಾತ ಎದ್ದು ನಿಂತಿದ್ದರು. ಅವರ ಕಣ್ಣು ಅಷ್ಟು ದೂರ ಕಾಣುತ್ತಿರಲಿಲ್ಲ.

"ಸಿಕ್ತಾ ಟೀಚರಮ್ಮ?"

ಆ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಸಿಕ್ತು ತಾತ. ಹಿಡಿದು ಬಿಟ್ಟೆ," ಎಂದೆ.

"ಕಾಲು ಹೆಂಗಿತ್ತು?"

"ಬೆಚ್ಚಗಿತ್ತು."

ತಾತ ಒಂದು ಗಳಿಗೆ ಕೆರೆ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, ತಮ್ಮ ಕಂಬಳಿಯನ್ನು ನನಗೆ ಹೊದಿಸಿದರು. "ಬರೋ ವರ್ಷಕ್ಕೆ ಇನ್ನೊಂದು ಬಳ್ಳಿ ಹಾಕಣ ಬಿಡಮ್ಮ." ಆಸೆ ತೀರಿದ ಖುಷಿ ಎಂದುಕೊಂಡೆ. ಮುಂದಿನ ವರ್ಷ ಕೆರೆ ತುಂಬಲಿಲ್ಲ, ಅದರ ಮುಂದಿನ ವರ್ಷವೂ... ಮೂರನೆಯ ಬೇಸಿಗೆ, ಬಳ್ಳಿ ಹೂಬಿಟ್ಟಿದ್ದಾಗ ತಾತ ಹೋದರು. ನನಗೆ ವರ್ಗವಾದಾಗ ಅಜ್ಜಿ ಈ ಬುರುಡೆಯನ್ನು ಸೀರೆಯಲ್ಲಿ ಸುತ್ತಿ ಕೊಟ್ಟರು.

ಈ ವರ್ಷ ಆ ಕೆರೆ ಕೋಡಿ ಬಿದ್ದಿದೆ ಎಂದು ಕೇಳಿ, ಹೋದ ಭಾನುವಾರ ಬೆಳಗ್ಗೆ ಬುರುಡೆ ಹಿಡಿದು ಹೋದೆ. ನನ್ನ ಮಂಡಿಗೂ ಈಗ ನೋವಿದೆ. ತೇಲಿಬಿಡಲು ಬೇರೆ ಬುರುಡೆ ಇರಲಿಲ್ಲ, ಬೇಕಾಗಲೂ ಇಲ್ಲ. ಕೆರೆ ತುಂಬ ಒಡೆದ ಪ್ಲಾಸ್ಟಿಕ್ ಬಿಂದಿಗೆ, ಥರ್ಮಾಕೋಲು. ಬಾತುಗಳಿಗೆ ಏನು ತೇಲಿದರೂ ಅಭ್ಯಾಸವಾಗಿದೆ. ಬುರುಡೆ ತಲೆಗೆ ಹಾಕಿಕೊಂಡು ಕತ್ತಿನವರೆಗೆ ಇಳಿದೆ. ಈ ಸಲ ನಗಲಿಲ್ಲ. ನೀರೊಳಗೆ ಕೈ ಚಾಚಿದೆ. ಬೆರಳಿಗೆ ಒಂದು ಕಾಲು ಸಿಕ್ಕಿತು. ಹಿಡಿದೆ, ಹೋಗಮ್ಮ ಅಂದೆ, ಬಿಟ್ಟೆ.

ಕಾಲು ತಣ್ಣಗಿತ್ತು. ಕೆರೆಯ ನೀರಿನಷ್ಟೇ ತಣ್ಣಗೆ.

ತಾತ ಅಂದು ಯಾಕೆ ನಕ್ಕರೆಂದು ನೀರಿನಲ್ಲಿ ನಿಂತೇ ಅರ್ಥವಾಯಿತು. ಅಷ್ಟು ಬಾತು ಹಿಡಿದವರಿಗೆ ನನ್ನ ಸುಳ್ಳು ಅಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಕಂಬಳಿ ಹೊದಿಸಿದ್ದರು. ದಡ ಹತ್ತಿ ಏರಿಯ ಕಡೆ ನೋಡಿದೆ, ಯಾರೂ ಇರಲಿಲ್ಲ.

"ತಣ್ಣಗಿತ್ತು ತಾತ," ಎಂದೆ, ಅವರು ಕೂತಿದ್ದ ಜಾಗಕ್ಕೆ.