ಸೆವ್ರಿನ್ ಬಾಯಿಯ ಶನಿವಾರ
ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಮ್ಮ ನೆರೆಮನೆಯ ಸೆವ್ರಿನ್ ಬಾಯಿಯವರು ಶನಿವಾರ ಸಂಜೆ ಟಿ.ವಿ.ಯ ಮುಂದೆ ಕುಳಿತರೆಂದರೆ ಬಾಗಿಲು ಬಡಿದರೂ ಏಳುತ್ತಿರಲಿಲ್ಲ. ಹಳೆಯ ಕಾಲದ ಅಮೆರಿಕದಲ್ಲಿ ಕುದುರೆಗಾಡಿ, ಮರದ ಮನೆ ಕಟ್ಟಿಕೊಂಡು ಬಾಳುವ ಒಂದು ಸಂಸಾರದ ಧಾರಾವಾಹಿ ಅದು. ಹೊರಗೆ ಬೆವರಿಳಿಯುವ ಸೆಕೆಯಿದ್ದರೂ ಪರದೆಯ ಮೇಲಿನ ಹಿಮ ಕಂಡು, "ಮಕ್ಕಳಿಗೆ ಶೀತ ಆಗ್ತದೆ ಲಾ, ಬಾಗಿಲು ಹಾಕು ಮಾರಾಯ್ತಿ!" ಎಂದು, ಅಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ, ಧಾರಾವಾಹಿಯ ತಾಯಿಯನ್ನು ಗದರುತ್ತಿದ್ದರು. ಪರದೆಯ ಆ ಮಕ್ಕಳು ಮಲಗಲು ಹೊರಟಾಗ ಮಾತ್ರ, ಕ್ರೈಸ್ತರ ಮನೆಗಳಲ್ಲಿ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಕಿರಿಯರನ್ನು ಹರಸುವ ಕ್ರಮದಂತೆ ಬಲಗೈಯೆತ್ತಿ, "ದೇವರು ಒಳ್ಳೇದು ಮಾಡಲಿ" ಎನ್ನುತ್ತಿದ್ದರು. ಅವರ ಒಬ್ಬನೇ ಮಗ ಟ್ರೆವರ್ ಮೆಲಾಕಾ ಪಟ್ಟಣದಿಂದ ಮನೆಗೆ ಬರುವಾಗ ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಧಾರಾವಾಹಿಯ ಕೊನೆಯ ಕಂತು ಮುಗಿದ ಸಂಜೆ ಅವರು ಎತ್ತಿದ ಕೈ ಇಳಿಯಲೇ ಇಲ್ಲ. "ಮಾಸ್ಟ್ರೇ, ಇನ್ನು ಯಾರಿಗೆ ಹೇಳುದು?" ಎಂದು ಪಕ್ಕದಲ್ಲಿ ಕುಳಿತಿದ್ದ ನನ್ನನ್ನು ಕೇಳಿದರು. ಶಾಲೆಯ ಮಾಸ್ಟ್ರಾಗಿದ್ದು ನಿವೃತ್ತನಾದ, ಅವರಿಗಿಂತ ಹತ್ತು ವರ್ಷ ಹಿರಿಯನಾದ ನಾನು ಆ ಕೈಯ ಕೆಳಗೆ ತಲೆ ಬಾಗಿಸಿದೆ.